ತೇಲುಕಣಗಳ ಜಾಡು ಹಿಡಿಯಲು ಓಪನ್‌ಡ್ರಿಫ್ಟ್ ಸಾಕೇ, ಪಾರ್ಸೆಲ್ಸ್ ಬೇಕೇ?

ಓಪನ್‌ಡ್ರಿಫ್ಟ್ ಸಾಕು. ಎರಡೂ ಕಡಲ ಪ್ರವಾಹದಲ್ಲಿ ಕಣಗಳು ಸಾಗುವ ದಾರಿಯನ್ನು ಲೆಕ್ಕ ಹಾಕುವ ತಂತ್ರಾಂಶಗಳು. ಕಪ್ಪು ಸಮುದ್ರ, ಬಾಲ್ಟಿಕ್, ಮೆಡಿಟರೇನಿಯನ್‌ನಂತಹ ಸುತ್ತಲೂ ನೆಲವಿರುವ ಸಮುದ್ರಗಳಲ್ಲಿ ಪ್ಲಾಸ್ಟಿಕ್ ಚೂರು, ಮೀನಿನ ಮೊಟ್ಟೆ, ಎಣ್ಣೆಯ ಹನಿ ಎಲ್ಲಿಗೆ ಹೋಗಿ ಸೇರುತ್ತವೆ ಎಂದು ಲೆಕ್ಕ ಹಾಕುವ ಕೆಲಸ ಇದು. ಕಲಬುರಗಿಯಲ್ಲಿ ಕುಳಿತು, ಒಂದು ಸಾಧಾರಣ ಲ್ಯಾಪ್‌ಟಾಪ್ ಮತ್ತು ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡು ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುವವರಿಗೆ ನಾನು ಹೇಳುವುದು ಇದನ್ನೇ. ಪಾರ್ಸೆಲ್ಸ್ ಕೆಟ್ಟದ್ದಲ್ಲ, ಕೆಲವು ಕೆಲಸಗಳಲ್ಲಿ ಅದೇ ಮುಂದು. ಆದರೆ ಒಳಸಮುದ್ರದಲ್ಲಿ ಕಣ ಎತ್ತ ಹೋದರೂ ಕೊನೆಗೆ ಎದುರಾಗುವುದು ದಡ. ಪಾರ್ಸೆಲ್ಸ್ ಕಾಡುವುದೂ ಆ ದಡದಲ್ಲೇ.

ಎರಡೂ ಪೈಥಾನ್ ಭಾಷೆಯಲ್ಲಿ ಬರೆದವು, ಎರಡೂ ಉಚಿತ. ಓಪನ್‌ಡ್ರಿಫ್ಟ್ ನಾರ್ವೆಯ ಹವಾಮಾನ ಸಂಸ್ಥೆಯದು, ಪಾರ್ಸೆಲ್ಸ್ ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಬೆಳೆದದ್ದು. ಪ್ರವಾಹದ ವೇಗವನ್ನು ಎರಡೂ ತಾವೇ ಕಂಡುಹಿಡಿಯುವುದಿಲ್ಲ. ಸಾಗರ ಮಾದರಿಯೊಂದು ಲೆಕ್ಕ ಹಾಕಿಟ್ಟ ವೇಗದ ಫೈಲನ್ನು ಓದಿ, ಅದರ ಮೇಲೆ ಕಣಗಳನ್ನು ಓಡಿಸುತ್ತವೆ.

ಹಾಗಾಗಿ ಮೊದಲು ಡೇಟಾದ ಮಾತು. ಯುರೋಪಿನ ಸಾಗರ ಡೇಟಾ ಸೇವೆಯಾದ ಕೋಪರ್ನಿಕಸ್ ಮರೀನ್‌ನಲ್ಲಿ ಉಚಿತವಾಗಿ ನೋಂದಾಯಿಸಿಕೊಂಡರೆ ಕಪ್ಪು ಸಮುದ್ರದ ಫೈಲುಗಳು ಸಿಗುತ್ತವೆ. ಈ ಸಮುದ್ರ ನಮ್ಮ ಇಡೀ ಕರ್ನಾಟಕದ ಎರಡು ಪಟ್ಟಿಗಿಂತ ದೊಡ್ಡದು. ಗ್ರಿಡ್ ಅಂತರ 1/40 ಡಿಗ್ರಿ, ಅಂದರೆ ಒಂದು ಚೌಕ 2ರಿಂದ 3 ಕಿ.ಮೀ. ಪೂರ್ವ–ಪಶ್ಚಿಮ ಸುಮಾರು 590 ಬಿಂದು, ಉತ್ತರ–ದಕ್ಷಿಣ 260. ಮೇಲ್ಮೈ ಪದರವೊಂದನ್ನೇ, ಪೂರ್ವಮುಖ ಮತ್ತು ಉತ್ತರಮುಖ ವೇಗ ಎರಡನ್ನೇ ತೆಗೆದುಕೊಂಡರೂ ಗಂಟೆಗೊಂದರಂತೆ 30 ದಿನದ ಡೇಟಾ ಬಿಚ್ಚಿದ ಮೇಲೆ ಸುಮಾರು 890 ಎಂಬಿ ಆಗುತ್ತದೆ. ದಿನದ ಸರಾಸರಿ ತೆಗೆದುಕೊಂಡರೆ ಬರೀ 37 ಎಂಬಿ. ದಿನಕ್ಕಿಷ್ಟೇ ಜಿಬಿ ಎನ್ನುವ ರೀಚಾರ್ಜ್ ಇರುವಾಗ 37 ಎಂಬಿಯ ಕಡೆ ಮನಸ್ಸು ಎಳೆಯುತ್ತದೆ. ಬೇಡ. ಗಾಳಿ ಬೀಸಿ ನಿಂತ ಮೇಲೆ ನೀರು ಭೂಮಿಯ ಸುತ್ತುವಿಕೆಯಿಂದ ವೃತ್ತಾಕಾರವಾಗಿ ತೂಗಾಡುತ್ತದೆ. ಕಪ್ಪು ಸಮುದ್ರದ 43 ಡಿಗ್ರಿ ಅಕ್ಷಾಂಶದಲ್ಲಿ ಆ ಸುತ್ತು ಸುಮಾರು ಹದಿನೇಳೂವರೆ ಗಂಟೆಯದು. (ನಮ್ಮ ಕಲಬುರಗಿಯ ಅಕ್ಷಾಂಶದಲ್ಲಿ ಸಮುದ್ರವಿದ್ದಿದ್ದರೆ 40 ಗಂಟೆ ಹಿಡಿಯುತ್ತಿತ್ತು.) ದಿನದ ಸರಾಸರಿಯಲ್ಲಿ ಈ ಚಲನೆ ಅಳಿಸಿಹೋಗುತ್ತದೆ, ಕಣಗಳ ಹರಡುವಿಕೆ ಇರಬೇಕಾದದ್ದಕ್ಕಿಂತ ಕಡಿಮೆ ಕಾಣುತ್ತದೆ. ತಿಂಗಳ ಡೇಟಾವನ್ನು ಹತ್ತು ಹತ್ತು ದಿನದ ತುಂಡು ಮಾಡಿ ಇಳಿಸಿಕೊಳ್ಳಿ, ಆದರೆ ಗಂಟೆಯದ್ದನ್ನೇ ಇಳಿಸಿಕೊಳ್ಳಿ.

ಇನ್ನು ದಡ. ಈ ಫೈಲುಗಳಲ್ಲಿ ನೆಲದ ಚೌಕಗಳು ಖಾಲಿ ಇರುತ್ತವೆ. ಪಾರ್ಸೆಲ್ಸ್ ಆ ಖಾಲಿಯನ್ನು ಸೊನ್ನೆ ವೇಗ ಎಂದು ಓದುತ್ತದೆ. ಕಣ ನಿಂತ ಜಾಗದ ವೇಗವನ್ನು ಸುತ್ತಲಿನ ನಾಲ್ಕು ಬಿಂದುಗಳಿಂದ ಲೆಕ್ಕ ಹಾಕುವಾಗ ಅದರಲ್ಲಿ ಎರಡು ನೆಲದವಾಗಿದ್ದರೆ, ದಡದತ್ತ ಹೋಗುವ ವೇಗವೂ ತಗ್ಗುತ್ತದೆ, ದಡದ ಗುಂಟ ಹರಿಯುವ ವೇಗವೂ ತಗ್ಗುತ್ತದೆ. ಮೊದಲನೆಯದು ಸರಿ, ಎರಡನೆಯದು ಸುಳ್ಳು. ಕಪ್ಪು ಸಮುದ್ರವನ್ನು ಅಪ್ರದಕ್ಷಿಣೆಯಾಗಿ ಸುತ್ತುವ ಅಂಚಿನ ಪ್ರವಾಹ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಹರಿದರೆ, ಕಲಬುರಗಿಯಿಂದ ಬೀದರಿನಷ್ಟು ದೂರವನ್ನು ಎರಡೂವರೆ ದಿನದಲ್ಲಿ ದಾಟುತ್ತದೆ. ಅಂಥ ನೀರಿನಿಂದ ದಡದ ಕಡೆ ಸರಿದ ಕಣ ಕೊನೆಯ ಚೌಕದಲ್ಲಿ ತೆವಳತೊಡಗುತ್ತದೆ. ಮೇಲೆ ಪ್ರಸರಣದ (ಮಾದರಿಗೆ ಕಾಣದ ಸಣ್ಣ ಸುಳಿಗಳು ಕಣಗಳನ್ನು ಹರಡುವುದರ) ಒಂದು ತಳ್ಳು ಬಿದ್ದರೆ ನೆಲದ ಚೌಕದೊಳಗೆ ಹೋಗಿ ಬೀಳುತ್ತದೆ. ಅಲ್ಲಿ ನಾಲ್ಕೂ ಮೂಲೆ ಸೊನ್ನೆ, ಪ್ರವಾಹ ಅದನ್ನು ವಾಪಸು ತರುವುದಿಲ್ಲ.

ತಿಂಗಳ ಕೊನೆಗೆ ನಕ್ಷೆ ತೆಗೆದರೆ ದಡದ ತುಂಬ ಚುಕ್ಕಿ. ನೋಡಿದವರು ಕಸವೆಲ್ಲ ದಡ ಸೇರಿತು ಎಂದು ತಿಳಿಯುತ್ತಾರೆ. ಆ ಚುಕ್ಕಿಗಳಲ್ಲಿ ಗಾಳಿ ಮತ್ತು ಪ್ರವಾಹ ನಿಜವಾಗಿ ತಂದವೆಷ್ಟು, ಲೆಕ್ಕದ ದೋಷದಿಂದ ಸಿಕ್ಕಿಬಿದ್ದವೆಷ್ಟು ಎಂದು ನಕ್ಷೆ ನೋಡಿ ಹೇಳಲಾಗದು. ತೆರೆದ ಸಾಗರದಲ್ಲಿ ಇಂಥ ಕಣಗಳನ್ನು ಕೈಬಿಟ್ಟರೂ ನಡೆದೀತು. ಒಳಸಮುದ್ರದಲ್ಲಿ ಪ್ರಶ್ನೆಯೇ ದಡದ್ದಾದ್ದರಿಂದ ಉತ್ತರವೇ ಕೆಡುತ್ತದೆ.

ಪಾರ್ಸೆಲ್ಸ್‌ನಲ್ಲಿ ಮದ್ದು ಇಲ್ಲವೆಂದಲ್ಲ. ವೇಗದ ಇಂಟರ್‌ಪೊಲೇಶನ್ ವಿಧಾನವನ್ನು ‘ಫ್ರೀಸ್ಲಿಪ್’ ಅಥವಾ ‘ಪಾರ್ಶಿಯಲ್‌ಸ್ಲಿಪ್’ ಎಂದು ಬದಲಿಸಿದರೆ ದಡದ ಗುಂಟದ ವೇಗ ಉಳಿಯುತ್ತದೆ. ಅದರ ಜೊತೆಗೆ ನೆಲದಿಂದ ನೀರಿನ ಕಡೆಗೆ ತಳ್ಳುವ ವೇಗದ ಒಂದು ಕ್ಷೇತ್ರವನ್ನು ನೀವೇ ತಯಾರಿಸಿ, ಕಣ ನೆಲ ಮುಟ್ಟಿದಾಗ ಅದನ್ನು ಹೊರಹಾಕುವ ಕರ್ನೆಲ್ (ಪ್ರತಿ ಹಂತದಲ್ಲೂ ಪ್ರತಿ ಕಣದ ಮೇಲೆ ಓಡುವ ಪುಟ್ಟ ಕೋಡ್) ಬರೆಯಬೇಕು. ಮಾದರಿಯ ಮೂಲ ಸಿ–ಗ್ರಿಡ್ ಡೇಟಾ ಇದ್ದರೆ ಈ ಕಾಟ ಬಹುಪಾಲು ತಪ್ಪುತ್ತದೆ, ಏಕೆಂದರೆ ಅದರಲ್ಲಿ ವೇಗ ಚೌಕದ ಗೋಡೆಯ ಮೇಲೇ ಇರುತ್ತದೆ, ದಡದ ಗೋಡೆಯಲ್ಲಿ ಸರಿಯಾಗಿ ಸೊನ್ನೆಯಾಗುತ್ತದೆ. ಹಂಚಿಕೆಗೆ ಸಿಗುವ ಫೈಲುಗಳು ಸಾಮಾನ್ಯವಾಗಿ ಹಾಗಿರುವುದಿಲ್ಲ.

ಓಪನ್‌ಡ್ರಿಫ್ಟ್ ಇದನ್ನು ಬೇರೆ ದಾರಿಯಲ್ಲಿ ಬಗೆಹರಿಸುತ್ತದೆ. ಪಕ್ಕದ ನೀರಿನ ವೇಗವನ್ನೇ ದಡದ ಖಾಲಿ ಚೌಕಗಳಿಗೆ ಚಾಚುತ್ತದೆ. ಎಲ್ಲಿ ನೆಲ ಎಂಬ ತೀರ್ಮಾನವನ್ನು ಮಾದರಿಯ ಒರಟು ಚೌಕಗಳಿಗೆ ಬಿಡದೆ ಜಿಎಸ್‌ಎಚ್‌ಎಚ್‌ಜಿ ಕರಾವಳಿ ನಕ್ಷೆಯಿಂದ ಮಾಡುತ್ತದೆ. ದಡ ಮುಟ್ಟಿದಾಗ ಏನಾಗಬೇಕು ಎನ್ನುವುದು ಒಂದೇ ಸಾಲಿನ ಆಯ್ಕೆ: ‘ಸ್ಟ್ರ್ಯಾಂಡಿಂಗ್’ ಅಂದರೆ ಅಲ್ಲೇ ನಿಂತು ಲೆಕ್ಕದಿಂದ ಹೊರಗೆ, ‘ಪ್ರೀವಿಯಸ್’ ಅಂದರೆ ಹಿಂದಿನ ಜಾಗಕ್ಕೆ ಮರಳುವುದು. ಪ್ಲಾಸ್ಟಿಕ್‌ಗೆ ಮೊದಲನೆಯದು, ಮೊಟ್ಟೆ–ಮರಿಗಳಿಗೆ ಎರಡನೆಯದು. ಡ್ಯಾನ್ಯೂಬ್ ನದಿಮುಖದಲ್ಲಿ ಕಣ ಬಿಡುವಾಗ ಕೆಲವು ನೆಲದ ಮೇಲೆ ಬಿದ್ದರೆ ಅವನ್ನು ಹತ್ತಿರದ ನೀರಿಗೆ ತಾನೇ ಸರಿಸುತ್ತದೆ. ಚಾಚಿದ ವೇಗ ಅಂದಾಜಿನದು ಎಂಬುದು ನೆನಪಿರಲಿ. ಓಟ ಮುಗಿದ ಮೇಲೆ ‘ಮಿಸ್ಸಿಂಗ್ ಡೇಟಾ’ ಎಂದು ನಿಂತ ಕಣಗಳನ್ನು ಎಣಿಸಿ. ಹೆಚ್ಚಿದ್ದರೆ ಬಿಡುವ ಜಾಗವನ್ನು ಒಂದೆರಡು ಚೌಕ ಒಳಕ್ಕೆ ತೆಗೆದುಕೊಳ್ಳಿ.

ಕ್ಯಾಸ್ಪಿಯನ್‌ಗೆ ಮಾತ್ರ ಈ ಸುಖವಿಲ್ಲ. ಕರಾವಳಿ ನಕ್ಷೆಗಳಲ್ಲಿ ಅದು ಸರೋವರಗಳ ಪಾಲಿಗೆ ಸೇರಿದೆ. ಮೇಲಾಗಿ ಅದರ ನೀರಿನ ಮಟ್ಟ ಇಳಿಯುತ್ತಿದೆ, ಆಳವಿಲ್ಲದ ಉತ್ತರ ಭಾಗದಲ್ಲಿ ದಡ ಹಿಂದೆ ಸರಿದಿದೆ. ಅಲ್ಲಿ ಈ ಸಿದ್ಧ ನಕ್ಷೆಯನ್ನು ಆಫ್ ಮಾಡಿ ಮಾದರಿಯ ನೆಲ–ನೀರಿನ ಮಾಸ್ಕನ್ನೇ (ಯಾವ ಚೌಕ ನೆಲ, ಯಾವುದು ನೀರು ಎಂಬ ಗುರುತು) ಕೊಡಿ.

ಓಪನ್‌ಡ್ರಿಫ್ಟ್‌ನ ಒಂದು ದೊಡ್ಡ ಕೊರತೆ ಹೇಳಲೇಬೇಕು. ಅದು ತಾನಾಗಿ ಬಳಸುವುದು ಆಯ್ಲರ್ ವಿಧಾನ, ಅಂದರೆ ಹಂತದ ಆರಂಭದ ವೇಗವನ್ನೇ ಹಂತ ಮುಗಿಯುವ ತನಕ ಹಿಡಿಯುವುದು. ಹಂತ ಒಂದು ಗಂಟೆ. 10 ಕಿ.ಮೀ. ತ್ರಿಜ್ಯದ ಸುಳಿಯಲ್ಲಿ ಅರ್ಧ ಮೀಟರ್ ವೇಗದ ಕಣ ಗಂಟೆಗೆ 1.8 ಕಿ.ಮೀ. ನೇರಗೆರೆಯಲ್ಲಿ ಸಾಗುತ್ತದೆ, ಹಾಗಾಗಿ ಮೊದಲ ಹಂತದಲ್ಲೇ ಸುಮಾರು 160 ಮೀಟರ್ ಹೊರಕ್ಕೆ ಜಾರುತ್ತದೆ. ಕಪ್ಪು ಸಮುದ್ರದ ಆಗ್ನೇಯ ಮೂಲೆಯ ಬಟುಮಿ ಕಡೆಯ ಸುಳಿಯಲ್ಲಿ ಸಿಕ್ಕಿಕೊಂಡು ವಾರಗಟ್ಟಲೆ ತಿರುಗಬೇಕಾದ ಕಣ ಇದರಿಂದ ಬೇಗ ತಪ್ಪಿಸಿಕೊಂಡುಬಿಡುತ್ತದೆ. ಹಂತದ ನಡುವೆಯೂ ವೇಗ ನೋಡುವ ರುಂಗೆ–ಕುಟ್ಟ 4 ವಿಧಾನಕ್ಕೆ ಬದಲಿಸಿ, ಹಂತವನ್ನು 15 ನಿಮಿಷಕ್ಕೆ ಇಳಿಸಿ. ಆಗ ಕಣ ಒಂದು ಹಂತಕ್ಕೆ 450 ಮೀಟರ್ ಹೋಗುತ್ತದೆ, ಚೌಕದ ಕಾಲುಭಾಗದೊಳಗೇ ಇರುತ್ತದೆ.

ಪ್ರಸರಣಕ್ಕೆ ಎರಡರಲ್ಲೂ ಯಾದೃಚ್ಛಿಕ ನಡಿಗೆಯೇ, ಅಂದರೆ ಪ್ರತಿ ಹಂತದಲ್ಲೂ ಕಣಕ್ಕೆ ಗೊತ್ತುಗುರಿಯಿಲ್ಲದ ಒಂದು ಹೆಜ್ಜೆ. ಗುಣಾಂಕ ಸೆಕೆಂಡಿಗೆ 10 ಚದರ ಮೀಟರ್, ಹಂತ ಒಂದು ಗಂಟೆ ಎಂದರೆ ಒಂದು ಹೆಜ್ಜೆ ಸರಾಸರಿ 268 ಮೀಟರ್. ಪಾರ್ಸೆಲ್ಸ್‌ನಲ್ಲಿ ಈ ಸ್ಥಿರಾಂಕವನ್ನು ಸೇರಿಸುವಾಗ ಮೆಶ್ ‘ಸ್ಫೆರಿಕಲ್’ ಎಂದು ಬರೆಯದಿದ್ದರೆ ಅದು ‘ಫ್ಲ್ಯಾಟ್’ ಎಂದುಕೊಂಡು ಮೀಟರನ್ನು ಡಿಗ್ರಿ ಮಾಡುತ್ತದೆ. 268 ಡಿಗ್ರಿ ಹಾರಿದ ಕಣ ನಕ್ಷೆಯಲ್ಲೇ ಇರುವುದಿಲ್ಲ, ಗಡಿ ದಾಟಿದ ದೋಷದ ಸೂಚನೆಯೊಂದಿಗೆ ಓಟ ನಿಲ್ಲುತ್ತದೆ. ಅದೇ ಸೂಚನೆ ಬಾಸ್ಫರಸ್ ಬಳಿ ಬಂದರೆ ಕಾರಣ ಬೇರೆ: ಆ ಜಲಸಂಧಿಯ ಕಿರಿದಾದ ಜಾಗ 700 ಮೀಟರ್, ನಮ್ಮ ಚೌಕ ಅದಕ್ಕಿಂತ ದೊಡ್ಡದು. ಅಲ್ಲಿ ಹೊರಬಿದ್ದ ಕಣವನ್ನು ಅಳಿಸುವ ಕರ್ನೆಲ್ ಸೇರಿಸಿ.

ಗಾಳಿ: ಓಪನ್‌ಡ್ರಿಫ್ಟ್‌ಗೆ ಗಾಳಿಯ ಫೈಲು ಕೊಟ್ಟು ಗಾಳಿಯ ವೇಗದ ಶೇಕಡಾ ಎಷ್ಟು ಕಣವನ್ನು ತಳ್ಳಬೇಕು ಎಂದು ಹೇಳಿದರೆ ಸಾಕು, ಪಾರ್ಸೆಲ್ಸ್‌ಗೆ ಬರೆದುಕೊಡಬೇಕು.

ಫಲಿತಾಂಶ: ಪಾರ್ಸೆಲ್ಸ್‌ನ ಜಾರ್ (zarr) ಎಂಬ ಫೈಲು ರೂಪದಲ್ಲಿ ಸಣ್ಣ ಸಣ್ಣ ಫೈಲುಗಳ ರಾಶಿ, ಪೆನ್‌ಡ್ರೈವ್‌ಗೆ ಹಾಕುವುದು ತೀರಾ ನಿಧಾನ. ಓಪನ್‌ಡ್ರಿಫ್ಟ್‌ನದು ಒಂದೇ ಫೈಲು, ಆದರೆ ಎಲ್ಲ ಚರಗಳನ್ನೂ ಬರೆಯಲು ಬಿಟ್ಟರೆ ಉಬ್ಬುತ್ತದೆ. 10,000 ಕಣ, 720 ಗಂಟೆ ಎಂದರೆ ಒಂದೊಂದು ಚರಕ್ಕೂ 29 ಎಂಬಿ. ಬೇಕಾದ ನಾಲ್ಕೈದನ್ನು ಮಾತ್ರ ಬರೆಸಿ.

ಲೆಕ್ಕ ಮುಗಿಸುವ ವೇಗ: ಇಷ್ಟು ಕಣಗಳಿಗೆ ಎರಡರ ವ್ಯತ್ಯಾಸ ಲೆಕ್ಕಕ್ಕಿಲ್ಲ.

ದುಡ್ಡು ಹಾಕುವುದಿದ್ದರೆ ರ‍್ಯಾಮ್‌ಗೆ ಹಾಕಿ, 16 ಜಿಬಿ ಇದ್ದರೆ ನಿರಾಳ. ಗ್ರಾಫಿಕ್ಸ್ ಕಾರ್ಡ್ ಇವೆರಡಕ್ಕೂ ಕೆಲಸಕ್ಕೆ ಬಾರದು. ಏಪ್ರಿಲ್–ಮೇ ಬಿಸಿಲಿನಲ್ಲಿ ಕೋಣೆಯೇ ಕಾದು ಲ್ಯಾಪ್‌ಟಾಪ್ ತನ್ನ ವೇಗ ತಾನೇ ತಗ್ಗಿಸುತ್ತದೆ, ಉದ್ದದ ಓಟವನ್ನು ರಾತ್ರಿಗೆ ಇಡಿ. ಕರೆಂಟ್ ಹೋಗಿ ಬ್ಯಾಟರಿಯೂ ಮುಗಿದರೆ ಇಲ್ಲಿ ಪಾರ್ಸೆಲ್ಸ್ ಮುಂದು. ಹಳೆಯ ಫಲಿತಾಂಶದ ಫೈಲಿನಿಂದಲೇ ಕಣಗಳನ್ನು ಎತ್ತಿಕೊಂಡು ಮುಂದುವರಿಸುತ್ತದೆ. ಓಪನ್‌ಡ್ರಿಫ್ಟ್‌ನಲ್ಲಿ ಕೊನೆಯ ಜಾಗಗಳನ್ನು ಓದಿ ನೀವೇ ಮತ್ತೆ ಬಿತ್ತಬೇಕು.

ಪಾರ್ಸೆಲ್ಸ್ ಯಾವಾಗ ತೆಗೆದುಕೊಳ್ಳಬೇಕು? ಕಣಕ್ಕೆ ಸ್ವಂತ ನಡತೆ ಬರೆಯುವುದಿದ್ದಾಗ, ಉದಾಹರಣೆಗೆ ರಾತ್ರಿ ಮೇಲೇರಿ ಹಗಲು ಇಳಿಯುವ ಲಾರ್ವಾ. ಮತ್ತೆ, ಪ್ರಸರಣ ಗುಣಾಂಕ ಜಾಗದಿಂದ ಜಾಗಕ್ಕೆ ಬದಲಾಗುವಾಗ. ಹಾಗೆ ಬದಲಾಗುವಲ್ಲಿ ಸಾದಾ ಯಾದೃಚ್ಛಿಕ ನಡಿಗೆ ಕಣಗಳನ್ನು ಗುಣಾಂಕ ಕಡಿಮೆ ಇರುವ ಕಡೆ ಸುಳ್ಳೇ ಗುಡ್ಡೆ ಹಾಕುತ್ತದೆ. ಪಾರ್ಸೆಲ್ಸ್‌ನ ‘ಅಡ್ವೆಕ್ಷನ್ ಡಿಫ್ಯೂಷನ್ ಎಂ1’ ಕರ್ನೆಲ್‌ನಲ್ಲಿ ಅದರ ತಿದ್ದುಪಡಿ ಇದೆ. ಹಳೆಯ ಉದಾಹರಣೆಗಳನ್ನು ನಕಲು ಮಾಡುವ ಮುನ್ನ ಆವೃತ್ತಿ ನೋಡಿ: ಎರಡನೇ ಆವೃತ್ತಿಯಲ್ಲಿ ಗಡಿ ದಾಟಿದ ಕಣಗಳನ್ನು ಸಂಭಾಳಿಸುತ್ತಿದ್ದ ‘ರಿಕವರಿ’ ಮೂರನೆಯದರಲ್ಲಿ ಇಲ್ಲ, ಕಣದ ಸ್ಥಿತಿಯನ್ನು ಕರ್ನೆಲ್ ಒಳಗೇ ಪರೀಕ್ಷಿಸಬೇಕು.