ಕಿಟಕಿಗೆ ಅಂಟಿಸುವ ಪ್ಲಾಸ್ಟಿಕ್ ಹಾಳೆ: ಹಲವು ಚಳಿಗಾಲ ಬಳಸಿದ ಮೇಲೆ ನನ್ನ ಅಭಿಪ್ರಾಯ

ಅಮೆರಿಕದ ಮಿನಿಯಾಪೊಲಿಸ್‌ನಂಥ ಚಳಿಯ ಊರಲ್ಲಿ ಹಳೇ ಮನೆ ಬಾಡಿಗೆಗೆ ಹಿಡಿದು, ಮನೆ ಬೆಚ್ಚಗಿಡಲು ಉರಿಸುವ ಗ್ಯಾಸ್‌ನ ಬಿಲ್ ನೋಡಿ ಗಾಬರಿಯಾದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಿಟಕಿಯಿಂದ ಚಳಿ ಒಳಗೆ ಬರದಂತೆ ತಡೆಯಲು ಹಾರ್ಡ್‌ವೇರ್ ಅಂಗಡಿಯಲ್ಲಿ ವಿಂಡೋ ಇನ್ಸುಲೇಷನ್ ಕಿಟ್ ಅಂತ ಸಿಗುತ್ತದೆ. ಡಬ್ಬಿಯಲ್ಲಿ ಇರುವುದು ಎರಡೇ ಸಾಮಾನು: ತೆಳ್ಳಗಿನ ಪ್ಲಾಸ್ಟಿಕ್ ಹಾಳೆ, ಎರಡೂ ಬದಿ ಅಂಟುವ ಟೇಪು. 5 ಕಿಟಕಿಗೆ ಆಗುವ ಡಬ್ಬಿಗೆ 20 ಡಾಲರ್ ಆಸುಪಾಸು.

ನಮ್ಮದು 1920ರ ದಶಕದ ಮನೆ. ಮರದ ಕಿಟಕಿ, ಒಂದೇ ಪದರದ ಗಾಜು, ಹೊರಗೊಂದು ಸ್ಟಾರ್ಮ್ ವಿಂಡೋ, ಅಂದರೆ ಗಾಳಿ-ಚಳಿ ತಡೆಯಲು ಹೊರಗಡೆ ಕೂರಿಸಿದ ಇನ್ನೊಂದು ಕಿಟಕಿ. ಜನವರಿ ರಾತ್ರಿ ಸೊನ್ನೆ ಫ್ಯಾರನ್‌ಹೀಟ್‌ಗಿಂತ, ಅಂದರೆ ಮೈನಸ್ 18 ಸೆಲ್ಸಿಯಸ್‌ಗಿಂತ ಕೆಳಗೆ ಹೋಗುವುದು ಇಲ್ಲಿ ಮಾಮೂಲು. ಮನೆ ಬಿಸಿ ಮಾಡುವ ಫರ್ನೇಸ್ ಓಡುತ್ತಲೇ ಇರುತ್ತದೆ, ಆದರೂ ಕಿಟಕಿ ಪಕ್ಕ ಕೂತರೆ ಕಾಲು ಕೊರೆಯುತ್ತದೆ. ಡಬಲ್ ಗ್ಲಾಸ್ ಕಿಟಕಿ ಹಾಕಿಸಲು ಒಂದೊಂದಕ್ಕೂ ನೂರಾರು ಡಾಲರ್ ಬೇಕು. ಬಾಡಿಗೆಗೆ ಇರುವವರು ಅದಕ್ಕೆ ಕೈ ಹಾಕುವ ಹಾಗಿಲ್ಲ ಅಲ್ವಾ?

ಎಲ್ಲಾ ಕಿಟಕಿಗೂ ಸುಮ್ನೆ ಅಂಟಿಸಬೇಡಿ. ಗಾಳಿ ಬೀಸುವ ದಿನ ಪರದೆ ಸರಿಸಿ, ಎಕ್ಸಾಸ್ಟ್ ಫ್ಯಾನ್ ಹಾಕಿ, ಒಂದು ಊದುಬತ್ತಿ ಹಚ್ಚಿ ಚೌಕಟ್ಟಿನ ಸುತ್ತ ನಿಧಾನವಾಗಿ ಹಿಡಿದುಕೊಂಡು ಬನ್ನಿ. ಹೊಗೆ ಅಡ್ಡಕ್ಕೆ ತಿರುಗಿದ ಕಡೆ ಗಾಳಿ ಒಳಗೆ ಬರುತ್ತಿದೆ ಅಂತ ಅರ್ಥ. ನಮ್ಮ ಹಾಲ್ ಕಿಟಕಿಯಲ್ಲಿ ಮೇಲಿನ ಗಾಜು, ಕೆಳಗಿನ ಗಾಜು ಸೇರುವ ಸಂದಿನ ಹತ್ತಿರ ಹೊಗೆ ಮೇಲಕ್ಕೆ ಹೋಗದೆ ಅಡ್ಡಕ್ಕೆ ತಿರುಗಿ ನನ್ನ ಮುಖಕ್ಕೇ ಬಂತು. ಅಲ್ಲಿಂದಲೇ ಶುರು ಮಾಡಿದೆ.

ಚೌಕಟ್ಟನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಿದ ಮೇಲೆ ಸುತ್ತಲೂ ಟೇಪು ಒತ್ತಿ, ಮೇಲಿನಿಂದ ಹಾಳೆ ಅಂಟಿಸಿಕೊಂಡು ಬರಬೇಕು. ಸುಕ್ಕಿದ್ದರೂ ಪರವಾಗಿಲ್ಲ. ಹೇರ್ ಡ್ರೈಯರ್ ಬಿಸಿ ತಗುಲಿದ ಕೂಡಲೇ ಹಾಳೆ ಬೆಂಕಿಗೆ ಕಾಯಿಸಿದ ತಮಟೆ ಹಾಗೆ ಬಿಗಿಯಾಗುತ್ತದೆ, ಸುಕ್ಕೆಲ್ಲ ಮಾಯ. ಜೋರು ಗಾಳಿ ಬಂದಾಗ ಹಾಳೆ ಒಳಗಡೆಗೆ ಉಬ್ಬುತ್ತದೆ, ಇಷ್ಟು ಗಾಳಿ ಇಷ್ಟು ದಿನ ಮನೆಯೊಳಗೆ ಬರುತ್ತಿತ್ತಾ ಅಂತ ಆಗಲೇ ಗೊತ್ತಾಗುವುದು.

ಹಾಳೆಗೂ ಗಾಜಿಗೂ ನಡುವೆ ಸಿಕ್ಕಿಕೊಂಡ ಗಾಳಿಯೇ ಚಳಿ ತಡೆಯುವುದು. ಮನೆ ಬೆಚ್ಚಗಿಡಲು, ತಂಪಾಗಿಡಲು ಖರ್ಚಾಗುವ ಇಂಧನದಲ್ಲಿ 25ರಿಂದ 30 ಶೇಕಡಾ ಕಿಟಕಿಗಳ ಮೂಲಕ ಆಗುವ ಶಾಖದ ಓಡಾಟಕ್ಕೇ ಹೋಗುತ್ತದೆ ಅಂತ ಅಮೆರಿಕದ ಇಂಧನ ಇಲಾಖೆಯೇ ಹೇಳುತ್ತದೆ. ಆದರೆ ಹಾಳೆ ಹಾಕಿ, ಮನೆಯ ಬಿಸಿ ಎಷ್ಟಿರಬೇಕೆಂದು ಹೊಂದಿಸುವ ಥರ್ಮೋಸ್ಟ್ಯಾಟ್ ಮುಟ್ಟದೆ ಕೂತರೆ ಉಳಿಯುವುದು ಸ್ವಲ್ಪವೇ. ಕಿಟಕಿಯ ಥಂಡಿ ಬಡಿಯುವುದು ನಿಂತರೆ 71 ಡಿಗ್ರಿ ಫ್ಯಾರನ್‌ಹೀಟ್ ಬೇಕೆನ್ನಿಸುತ್ತಿದ್ದ ಕಡೆ 67 ಸಾಕಾಗುತ್ತದೆ, ಜಾಸ್ತಿ ದುಡ್ಡು ಉಳಿಯುವುದು ಅಲ್ಲಿ. ರಾತ್ರಿ ಇನ್ನೂ ಇಳಿಸಿ. ದಿನಕ್ಕೆ 8 ಗಂಟೆ 7ರಿಂದ 10 ಡಿಗ್ರಿ ಫ್ಯಾರನ್‌ಹೀಟ್ ಇಳಿಸಿದರೆ ವರ್ಷಕ್ಕೆ 10 ಶೇಕಡಾವರೆಗೆ ಉಳಿಸಬಹುದು ಅನ್ನುವುದೂ ಅದೇ ಇಲಾಖೆಯ ಮಾತು.

ಉಳಿತಾಯ ಲೆಕ್ಕ ಹಾಕುವಾಗ ಬಿಲ್ಲಿನ ಡಾಲರ್ ನೋಡಬೇಡಿ, ಗ್ಯಾಸ್ ರೇಟು ಏರಿಳಿಯುತ್ತಿರುತ್ತದೆ. ಎಷ್ಟು ಥರ್ಮ್ (ಬಿಲ್ಲಿನಲ್ಲಿ ಗ್ಯಾಸ್ ಅಳೆಯುವ ಲೆಕ್ಕ) ಉರಿಸಿದ್ದೀರಿ, ಆ ತಿಂಗಳ ಸರಾಸರಿ ಚಳಿ ಎಷ್ಟಿತ್ತು, ಎರಡನ್ನೂ ಹೋದ ವರ್ಷದ ಬಿಲ್ ಜೊತೆ ಇಟ್ಟು ನೋಡಿ. ನಮಗಂತೂ ಕಿಟ್‌ನ ದುಡ್ಡು ಪ್ರತಿ ಸಲವೂ ಅದೇ ಚಳಿಗಾಲದಲ್ಲಿ ಹುಟ್ಟಿದೆ.

ದುಡ್ಡಿಗಿಂತ ನನಗೆ ದೊಡ್ಡದೆನ್ನಿಸಿದ್ದು ಬೇರೆ. ಹೆಂಡತಿಯ ಬಾಣಂತನಕ್ಕೆ ಅತ್ತೆ ಬಂದಿದ್ದು ನಡುಚಳಿಗಾಲದಲ್ಲಿ. ಮಗು ಮಲಗುವ ರೂಮಿಗೆ ಹಾಳೆ ಹಾಕಿದ ಮೇಲೆ ಸ್ಪೇಸ್ ಹೀಟರ್ ಬೇಕಾಗಲಿಲ್ಲ. ಅತ್ತೆ ಕಿಟಕಿ ಪಕ್ಕದ ಕುರ್ಚಿಯಲ್ಲೇ ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಬಿಸಿಲಿಗೆ ಕೂರುತ್ತಿದ್ದರು.

ತೊಂದರೆಗಳೂ ಇವೆ. ಹಾಳೆ ಹಾಕಿದ ಕಿಟಕಿ ಏಪ್ರಿಲ್‌ವರೆಗೆ ತೆಗೆಯಲಾಗುವುದಿಲ್ಲ, ಹಾಗಾಗಿ ಅಡುಗೆಮನೆ ಕಿಟಕಿಗೆ ಹಾಕಲೇಬೇಡಿ, ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಮನೆಯೆಲ್ಲ ತುಂಬಿದರೆ ದೇವರೇ ಗತಿ. ಬೆಂಕಿ ಬಿದ್ದರೆ ಹೊರಗೆ ಹೋಗಬೇಕಾದ ಕಿಟಕಿಯನ್ನೂ ಬಿಡಿ. ಮಕ್ಕಳ ಬೆರಳು ತಾಗಿದರೆ ಹಾಳೆ ತೂತಾಗುತ್ತದೆ. ಪ್ರತಿ ವರ್ಷ ಒಂದಿಷ್ಟು ಪ್ಲಾಸ್ಟಿಕ್ ಕಸಕ್ಕೆ ಹೋಗುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಅಕ್ಟೋಬರ್‌ನಲ್ಲೇ ಹಾಕಿಬಿಡಿ, ಚೌಕಟ್ಟು ತಣ್ಣಗಾದ ಮೇಲೆ ಟೇಪು ಸರಿಯಾಗಿ ಹಿಡಿಯುವುದಿಲ್ಲ. ತೆಗೆಯುವಾಗ ಟೇಪಿಗೆ ಹೇರ್ ಡ್ರೈಯರ್ ಬಿಸಿ ಕೊಟ್ಟು ನಿಧಾನವಾಗಿ ಎಳೆಯಿರಿ. ಎಳೆದ ರಭಸಕ್ಕೆ ಬಣ್ಣ ಕಿತ್ತು ಬಂದರೆ ಓನರ್ ಡೆಪಾಸಿಟ್‌ನಲ್ಲಿ ಮುರಿದುಕೊಳ್ಳುತ್ತಾರೆ.