ನಮ್ಮ ಸಭೆ (ಚರ್ಚ್) ಗೇಟ್ ಹತ್ರ ಮಾರಿದ ‘ಅಭಿಷೇಕದ ಎಣ್ಣೆ’: ದಯವಿಟ್ಟು ತಗೋಬೇಡಿ
ರೇಟಿಂಗ್: 5ಕ್ಕೆ 1

ಹೋದ ತಿಂಗಳು ಬೆಂಗಳೂರಲ್ಲಿ ನಮ್ಮ ಸಭೆಯಲ್ಲಿ ಮೂರು ದಿನ ಉಜ್ಜೀವನ ಕೂಟ (ವಿಶ್ವಾಸ ಚಿಗುರಿಸೋ ವಿಶೇಷ ಪ್ರಾರ್ಥನೆ ಕೂಟ) ಇತ್ತು, ಹೊರಗಡೆಯಿಂದ ಬಂದ ಪ್ರಸಂಗಿಯ ಟೀಮ್‌ನವರು ಗೇಟ್ ಪಕ್ಕ ಟೇಬಲ್ ಹಾಕ್ಕೊಂಡು, ಹಚ್ಚಿದ್ರೆ ರೋಗ ವಾಸಿಯಾಗತ್ತೆ ಅಂತ ಈ ಎಣ್ಣೆ ಮಾರಿದ್ರು. ಹೆಸರು ಬರೀತಿಲ್ಲ, ಜಗಳ ಬೇಡ ನಂಗೆ, ಇನ್ನೊಬ್ಬರ ಅಮ್ಮನಿಗೆ ಹೀಗಾಗಬಾರ್ದು ಅಷ್ಟೆ.

100 ಎಂಎಲ್ ಬಾಟ್ಲಿ, 350 ರೂಪಾಯಿ. ಮಲ್ಲಿಗೆ ಸೆಂಟ್ ವಾಸನೆ ಬರತ್ತೆ. ಯಾವ ಎಣ್ಣೆ ಅಂತ ಬರೆದಿಲ್ಲ, ತಯಾರು ಮಾಡಿದವರ ಅಡ್ರೆಸ್ ಇಲ್ಲ, ಎಂಆರ್‌ಪಿ ಇಲ್ಲ, ಡೇಟ್ ಇಲ್ಲ, ಒಂದು ಬೈಬಲ್ ವಚನ ಮಾತ್ರ ದೊಡ್ಡಕ್ಷರದಲ್ಲಿದೆ. ಜೊತೆಗೆ 2,000 ರೂಪಾಯಿ ‘ಬೀಜದ ಕಾಣಿಕೆ’ (ದೇವರು ಹೆಚ್ಚಾಗಿ ವಾಪಸ್ ಕೊಡ್ತಾನೆ ಅಂತ ಬಿತ್ತೋ ದುಡ್ಡು) ಹಾಕಿದ್ರೆ ಮನೆಯವರ ಹೆಸರು 40 ದಿನ ಪ್ರಾರ್ಥನೆ ಲಿಸ್ಟಲ್ಲಿರತ್ತೆ ಅಂದ್ರಂತೆ, ಅಮ್ಮ ಪೆನ್ಷನ್ ದುಡ್ಡಲ್ಲಿ ಎರಡೂ ಮಾಡಿದ್ರು.

ಅಮ್ಮನಿಗೆ ಹನ್ನೆರಡು ವರ್ಷದಿಂದ ಶುಗರ್. ಎಣ್ಣೆ ಹಚ್ಕೊಂಡ ಮೇಲೆ ಮಾತ್ರೆ ನುಂಗೋದು ಅವಿಶ್ವಾಸ ಅಂತ ಸ್ಟೇಜ್ ಮೇಲಿಂದ ಹೇಳಿದ್ದನ್ನ ನಂಬಿ ಒಂಬತ್ತು ದಿನ ಮಾತ್ರೆ ಬಿಟ್ಟಿದಾರೆ, ನಮಗ್ಯಾರಿಗೂ ಹೇಳಿಲ್ಲ, ಬೆಳಿಗ್ಗೆ ತಲೆ ಸುತ್ತು ಬಂದು ಅಡುಗೆಮನೇಲಿ ಕೂತುಬಿಟ್ರು, ಕ್ಲಿನಿಕ್‌ಗೆ ಕರ್ಕೊಂಡು ಹೋಗಿ ನೋಡಿದ್ರೆ ಶುಗರ್ 380. ಪಾಂಪ್ಲೆಟ್ ಮೇಲಿದ್ದ ನಂಬರ್‌ಗೆ ಫೋನ್ ಮಾಡಿ ಅತ್ತುಬಿಟ್ಟೆ ನಾನು. ಸಿಸ್ಟರ್ ನಿಮ್ಮ ಮನೇಲಿ ವಿಶ್ವಾಸದ ಕೊರತೆ ಇದೆ, ಇನ್ನೊಂದ್ಸಲ ಕಾಣಿಕೆ ಬಿತ್ತಿ ಅಂದ್ರು. ಶುಗರ್ ವಾಸಿ ಮಾಡ್ತೀವಿ ಅಂತ ಔಷಧಿ, ಮಂತ್ರ, ತಾಯತ ಯಾವುದಕ್ಕೂ ಜಾಹೀರಾತು ಕೊಡೋ ಹಾಗಿಲ್ಲ ಅಂತ 1954ರಲ್ಲೇ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮೆಡೀಸ್ ಕಾಯ್ದೆ ಬಂದಿದೆ, ಡಯಾಬಿಟಿಸ್ ಅದರ ಪಟ್ಟಿಯಲ್ಲೇ ಇದೆ, ಗೊತ್ತಿರಲಿ.

ಎಣ್ಣೆ ಹಚ್ಚೋದು ಬೈಬಲಲ್ಲೇ ಇದೆ ಅಂತ ಎಲ್ಲಾರೂ ಯಾಕೋಬ 5:14 ತೋರಿಸ್ತಾರೆ. ಸತ್ಯವೇದ (ಬೈಬಲ್) ತೆಗೆದು ನೀವೇ ಓದಿ. ರೋಗಿ ಸಭೆಯ ಹಿರಿಯರನ್ನ ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಲಿ ಅಂತಿದೆ. ಹಿರಿಯರು ರೋಗಿ ಹತ್ರ ಬರೋದು, ರೋಗಿ ಕ್ಯೂ ನಿಂತು ದುಡ್ಡು ಕಟ್ಟೋದಲ್ಲ. ಪ್ರವಾದಿ ಎಲೀಷ, ಸೇನಾಪತಿ ನಾಮಾನನ ಕುಷ್ಠ ವಾಸಿಯಾದಾಗ ಏನೂ ಮುಟ್ಟಲಿಲ್ಲ, ಅವನ ಸೇವಕ ಗೇಹಜಿ ಹಿಂದೆ ಓಡಿಹೋಗಿ ಎರಡು ತಲಾಂತು (ಆಗಿನ ತೂಕ) ಬೆಳ್ಳಿ, ಎರಡು ಜೊತೆ ಬಟ್ಟೆ ಇಸ್ಕೊಂಡ, ಆ ಕುಷ್ಠ ಅವನಿಗೇ ಬಂತು. ಮಾತ್ರೆ ವಿಷಯಕ್ಕೆ ಬಂದ್ರೆ, ಅಪೊಸ್ತಲ ಪೌಲನ ಜೊತೆಗಿದ್ದ ಲೂಕನೇ ವೈದ್ಯ, ಕೊಲೊಸ್ಸೆ 4:14ರಲ್ಲಿ ಪೌಲ ಅವನನ್ನ ಪ್ರಿಯ ವೈದ್ಯ ಅಂತಾನೇ ಕರೀತಾನೆ.

ಆದ್ರೆ ಎಣ್ಣೆಯವರಿಗಿಂತ ನಮ್ಮ ಸಭೆ ಮೇಲೇ ನಂಗೆ ಜಾಸ್ತಿ ಸಂಕಟ. ಅವರು ಮೂರು ದಿನ ಇದ್ದು ಹೋದ್ರು, ಗೇಟ್ ತೆಗೆದಿದ್ದು ನಾವು. ಪಾಸ್ಟರ್ ಅಯ್ಯನವರನ್ನ ಕೇಳಿದೆ, ತುಂಬಾ ಒಳ್ಳೆಯವರು, ಅಪ್ಪ ಆಸ್ಪತ್ರೇಲಿದ್ದಾಗ ರಾತ್ರಿಯೆಲ್ಲಾ ಜೊತೆಗಿದ್ರು. ನನಗೂ ಇಷ್ಟ ಇರಲಿಲ್ಲ ಕಣಮ್ಮ, ಆದ್ರೆ ಹಾಲ್‌ಗೆ ಶೀಟ್ ಹಾಕ್ಸೋಕೆ ಆ ಟೀಮ್‌ನವರೇ ದುಡ್ಡು ಕೊಟ್ಟಿದ್ದು, ಕಮಿಟಿಯವರು ಬೇಡ ಅನ್ನೋಕಾಗಲಿಲ್ಲ ಅಂದ್ರು. ಎಲ್ಲರಿಗೂ ತಪ್ಪು ಅಂತ ಗೊತ್ತಿತ್ತು! ಪ್ರತಿ ಅಕ್ಟೋಬರ್ ಕೊನೇ ಭಾನುವಾರ ಮಾರ್ಟಿನ್ ಲೂಥರ್ ಬಗ್ಗೆ ಪ್ರಸಂಗ ಕೇಳ್ತೀವಿ, ಆಗಿನ ಸಭೆಯವರು ದುಡ್ಡಿಗೆ ಪಾಪವಿಮೋಚನೆ ಪತ್ರ ಮಾರ್ತಿದ್ದನ್ನ ವಿರೋಧಿಸಿ 1517ರಲ್ಲಿ 95 ವಾದ ಬರೆದ ಅಂತ ಮಕ್ಕಳಿಗೆ ಸಂಡೇಸ್ಕೂಲಲ್ಲಿ ಕಲಿಸಿದ್ದು ನಾನೇ. ಆ ಮಕ್ಕಳು ಈ ಟೇಬಲ್ ದಾಟ್ಕೊಂಡೇ ಒಳಗೆ ಬಂದ್ರು.

ಬೈಬಲಿನ ಕೊನೇ ಪುಸ್ತಕ ಪ್ರಕಟನೆಯ 2ನೇ ಅಧ್ಯಾಯ, ಹಳೇ ಕಾಲದ ಸಭೆಗಳಿಗೆ ಯೇಸು ಹೇಳಿದ ಮಾತು, ಓದಿದಾಗ ಎದೆ ಝಲ್ ಅಂತು. ಪೆರ್ಗಮದ ಸಭೆ ಹೆದರುಪುಕ್ಕಲ ಸಭೆ ಅಲ್ಲ, ತಮ್ಮಲ್ಲೊಬ್ಬನಾದ ಅಂತಿಪನನ್ನ ಕೊಂದಾಗಲೂ ನಂಬಿಕೆ ಬಿಟ್ಟಿರಲಿಲ್ಲ, ಆದ್ರೂ ಬಿಳಾಮನ ತಪ್ಪು ಬೋಧನೆ ಹಿಡಿದವರನ್ನ ಒಳಗಿಟ್ಕೊಂಡಿದ್ದಕ್ಕೆ ಬೈಸ್ಕೊಂತು. ಥುವತೈರದವರಿಗೆ ಪ್ರೀತಿ, ಸೇವೆ, ತಾಳ್ಮೆ ಎಲ್ಲಾ ಇತ್ತು, ಒಬ್ಬ ಸುಳ್ಳು ಪ್ರವಾದಿನಿಯನ್ನ ಸುಮ್ಮನೆ ಬಿಟ್ಟಿದ್ದೇ ಅವರ ಮೇಲಿದ್ದ ದೂರು. ನಮ್ಮ ಸಭೆ ಕಥೆನೂ ಇದೇ.

ಕಮಿಟಿಗೆ ಲೆಟರ್ ಕೊಟ್ಟಿದೀನಿ, ಆ ಶೀಟ್ ದುಡ್ಡು ವಾಪಸ್ ಕೊಡಿ, ನಾವೇ ಮನೆಮನೆಯಿಂದ ಸೇರಿಸೋಣ ಅಂತ. ಉತ್ತರ ಬಂದಿಲ್ಲ, ಜನರಲ್ ಬಾಡಿ ಮೀಟಿಂಗಲ್ಲಿ ಎದ್ದು ನಿಂತು ಕೇಳ್ತೀನಿ.

ನಿಮ್ಮ ಮನೇಲಿ ಯಾರಾದ್ರೂ ಇದನ್ನ ತಗೊಂಡಿದ್ರೆ ಮೊದಲು ಮಾತ್ರೆ ಡಬ್ಬಿ ನೋಡಿ. ಪ್ರಾರ್ಥನೆ ಬೇಕಂದ್ರೆ ನಿಮ್ಮ ಸಭೆ ಹಿರಿಯರನ್ನೇ ಕರೀರಿ. ನಮ್ಮನೆಗೆ ಹೋದ ಗುರುವಾರ ಒಬ್ಬರು ಬಂದಿದ್ರು, ಎಪ್ಪತ್ತು ದಾಟಿದೆ, ಎರಡು ಬಸ್ ಬದಲಾಯಿಸಿ ಬಂದ್ರು. ಅಡುಗೆಮನೆಯ ಕೊಬ್ಬರಿ ಎಣ್ಣೆನೇ ಸ್ವಲ್ಪ ಬಟ್ಟಲಲ್ಲಿ ಇಸ್ಕೊಂಡು ಅಮ್ಮನ ಹಣೆಗೆ ಹಚ್ಚಿ ಪ್ರಾರ್ಥನೆ ಮಾಡಿದ್ರು, ಕಾಣಿಕೆ ಕೊಡೋಕೆ ಹೋದ್ರೆ ಕೈ ಹಿಂದಕ್ಕೆ ತಗೊಂಡ್ರು. ಚಪ್ಪಲಿ ಹಾಕ್ಕೊಳ್ತಾ ತಿರುಗಿ, ರಾತ್ರಿ ಮಾತ್ರೆ ಊಟಕ್ಕೆ ಮುಂಚೆನೋ ಆಮೇಲೋ ಅಮ್ಮ ಅಂತ ಕೇಳಿ, ಅಮ್ಮ ಹೇಳೋವರೆಗೂ ಬಾಗಿಲಲ್ಲೇ ನಿಂತಿದ್ರು.