ಹಾರ್ಡ್ ಡಿಸ್ಕ್‌ಗೆ ಗೋಡೆ ಬೇಕೆ? ಮೂರು ಕಂಪ್ಯೂಟರ್‌ಗಳ ಲೆಕ್ಕ

2010ರಲ್ಲಿ ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯೊಂದರಲ್ಲಿ ನನ್ನ ಕಂಪ್ಯೂಟರ್ ಜೋಡಿಸುತ್ತಿದ್ದ ಹುಡುಗ ತಲೆ ಎತ್ತದೆಯೇ ಕೇಳಿದ: "ಕಿತ್ನೇ ಪಾರ್ಟಿಷನ್ ಕರೂಂ, ಅಂಕಲ್?" ಪಾರ್ಟಿಷನ್ ಎಂದರೆ ಒಂದೇ ಡಿಸ್ಕ್‌ನೊಳಗೆ ಗೋಡೆ ಎಬ್ಬಿಸಿದಂತೆ ಮಾಡುವ ಪಾಲು; ಒಂದೊಂದು ಪಾಲೂ ಸಿ, ಡಿ ಎಂದು ಬೇರೆ ಬೇರೆ ಡ್ರೈವ್ ಆಗಿ ಕಾಣುತ್ತದೆ. ಡಿಸ್ಕ್ 500 ಜಿಬಿಯದು. ನನಗೆ ಉತ್ತರ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಮನಸ್ಸೂ ಇರಲಿಲ್ಲ. "ತೀನ್" ಎಂದುಬಿಟ್ಟೆ. ವಿಂಡೋಸ್ ಲೆಕ್ಕದಲ್ಲಿ ಆ 500 ಜಿಬಿ ಎಂದರೆ 465 ಮಾತ್ರ. ಅದರಲ್ಲಿ ಸಿ ಡ್ರೈವ್‌ಗೆ 60 ಕೊಟ್ಟು, ಉಳಿದದ್ದನ್ನು ಡಿ ಮತ್ತು ಇ ಎಂದು ಸರಿಪಾಲು ಮಾಡಿದ. ಗ್ರಾಂಟ್ ರೋಡಿನಿಂದ ದಾದರ್, ಅಲ್ಲಿಂದ ಡೊಂಬಿವಲಿಯವರೆಗೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಆ ಮೂರು ಪಾಲಿನ ಸುಖದುಃಖ ಆರು ವರ್ಷ ನಡೆಯಿತು.

ನನ್ನದು ಮನೆಯಲ್ಲೇ ಕುಳಿತು ಮಾಡುವ ಕನ್ನಡ ಡಿಟಿಪಿ (ಪುಟ ವಿನ್ಯಾಸ) ಕೆಲಸ. ಸಂಘಗಳ ಸ್ಮರಣ ಸಂಚಿಕೆ, ಮದುವೆಯ ಆಮಂತ್ರಣ, ಜೊತೆಗೆ ಇಲ್ಲಿಗೆ ಬರುವ ಯಕ್ಷಗಾನ ಮೇಳಗಳ ಆಟದ ವಿಡಿಯೊ. ಸಣ್ಣ ಫೈಲುಗಳು ಸಾವಿರಾರು, ದೊಡ್ಡವು ದೈತ್ಯ ಗಾತ್ರದವು. ಹಾಗಾಗಿ ಪಾಲು ಮಾಡಿದ ಡಿಸ್ಕ್, ಮಾಡದ ಡಿಸ್ಕ್‌ಗಳ ಈ ಹೋಲಿಕೆ ನನ್ನ ಕೆಲಸಕ್ಕೆ ತಕ್ಕದ್ದು. ಕಂಪ್ಯೂಟರ್ ಗೇಮ್ ಆಡುವವರ ಲೆಕ್ಕ ಬೇರೆ ಇರಬಹುದು.

ಆ ಹುಡುಗ ಕೇಳಿದ್ದು ಹಳೆಯ ಕಾಲದ ಪ್ರಶ್ನೆ. ಒಂದು ಕಾಲಕ್ಕೆ ಅದಕ್ಕೆ ಅರ್ಥವಿತ್ತು. ವಿಂಡೋಸ್‌ಗೂ ಮುಂಚಿನ ಡಾಸ್ ಮತ್ತು ಮೊದಲ ವಿಂಡೋಸ್ 95, ಡಿಸ್ಕ್‌ನಲ್ಲಿ ಫೈಲುಗಳನ್ನು ಜೋಡಿಸಿಡಲು ಬಳಸುತ್ತಿದ್ದ ಫ್ಯಾಟ್16 ಪದ್ಧತಿಯಲ್ಲಿ ಒಂದು ವಿಭಾಗ 2 ಜಿಬಿ ಮೀರುವಂತಿರಲಿಲ್ಲ. ಆ ಗಾತ್ರದ ವಿಭಾಗದಲ್ಲಿ ನಾಲ್ಕು ಸಾಲಿನ ಪತ್ರವೂ 32 ಕೆಬಿ ಜಾಗ ನುಂಗುತ್ತಿತ್ತು. ಡಿಸ್ಕನ್ನು ಸಣ್ಣ ಪಾಲು ಮಾಡಿದಷ್ಟೂ ಪೋಲು ಕಡಿಮೆ. 1996ರಲ್ಲಿ ಆ ಮಿತಿಯಿಲ್ಲದ ಫ್ಯಾಟ್32 ಪದ್ಧತಿ ಬಂತು, ವಿಂಡೋಸ್ ಎಕ್ಸ್‌ಪಿಯ ಜೊತೆ ಎನ್‌ಟಿಎಫ್‌ಎಸ್ ಪದ್ಧತಿ ಮನೆಮನೆಗೆ ಬಂತು. ಕಾರಣ ಹೋಯಿತು, ಪಾಲು ಮಾಡುವ ಚಾಳಿ ಅಂಗಡಿಗಳಲ್ಲಿ ಉಳಿಯಿತು.

ಮೂರು ಪಾಲು ನನ್ನನ್ನು ಒಮ್ಮೆ ಕಾಪಾಡಿದ್ದು ನಿಜ. 2013ರ ರಾಜ್ಯೋತ್ಸವಕ್ಕೆ ಮೂರು ದಿನ ಇರುವಾಗ ಯಾರದೋ ಪೆನ್ ಡ್ರೈವ್‌ನಿಂದ ವೈರಸ್ ಹೊಕ್ಕಿತು, ವಿಂಡೋಸ್ ಏಳಲೇ ಇಲ್ಲ. ಸಿ ಡ್ರೈವನ್ನು ಮಾತ್ರ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿದೆ. ಡಿಯಲ್ಲಿದ್ದ ಸಂಚಿಕೆಯ ಪುಟಗಳು ಕೂದಲೂ ಕೊಂಕದೆ ಉಳಿದಿದ್ದವು. ಖುಷಿಯಿಂದ ಮೊದಲ ಪುಟ ತೆರೆದರೆ ಅಧ್ಯಕ್ಷರ ಸಂದೇಶದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ! ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ ಒಳಗೆ ಇಂಗ್ಲಿಷ್ ಸಂಕೇತವಾಗಿಯೇ ಕುಳಿತಿರುತ್ತದೆ. ಆ ಫಾಂಟುಗಳು ಇರುವುದು ಸಿಯ ವಿಂಡೋಸ್ ಫೋಲ್ಡರ್ ಒಳಗೆ, ಅವು ಸಿಯ ಜೊತೆಗೇ ಹೋಗಿದ್ದವು. ನುಡಿಯನ್ನು ಮತ್ತೆ ಹಾಕುವವರೆಗೆ ನನ್ನ ಎದೆ ಹೊಡೆದುಕೊಂಡದ್ದು ನನಗೇ ಗೊತ್ತು. ಫೈಲು ಡಿಯಲ್ಲಿದ್ದರೂ ಅದರ ಜೀವ ಅರ್ಧ ಸಿಯಲ್ಲೇ ಇರುತ್ತದೆ ಎಂದು ಅಂದು ತಿಳಿಯಿತು. ಸಾಫ್ಟ್‌ವೇರ್‌ಗಳನ್ನು ಡಿಯಲ್ಲಿ ಹಾಕಿಟ್ಟಿದ್ದೂ ದಂಡ. ಹೊಸ ವಿಂಡೋಸ್‌ಗೆ ಅವುಗಳ ಗುರುತೇ ಇಲ್ಲದ್ದರಿಂದ ಹೆಚ್ಚಿನವನ್ನು ಮತ್ತೆ ಹಾಕಬೇಕಾಯಿತು.

ಇನ್ನು ಗೋಡೆಯ ಕಾಟ. 2010ರಲ್ಲಿ 60 ಜಿಬಿ ಧಾರಾಳ ಅನ್ನಿಸಿತ್ತು. 64 ಬಿಟ್ ವಿಂಡೋಸ್ 7 ಕೇಳುತ್ತಿದ್ದುದು 20 ಜಿಬಿ. (ಈಗಿನ ವಿಂಡೋಸ್ 11 ಕನಿಷ್ಠ 64 ಕೇಳುತ್ತದೆ. ಆ ಹುಡುಗನ ಸಿಯಲ್ಲಿ ಅದಕ್ಕೆ ಕಾಲಿಡಲೂ ಜಾಗವಿಲ್ಲ.) ಅಪ್‌ಡೇಟುಗಳು, ಬ್ರೌಸರ್‌ಗಳ ಸಂಗ್ರಹ, ಡೆಸ್ಕ್‌ಟಾಪ್ ಮೇಲೆ ನಾನೇ ಎಸೆದ ಫೈಲುಗಳು, ಎಲ್ಲವೂ ಸಿಗೇ ಹೋಗುತ್ತವೆ. ಫೋಟೋಶಾಪ್ ತನ್ನ ತಾತ್ಕಾಲಿಕ ಫೈಲುಗಳನ್ನೂ ಮೊದಲಿಗೆ ಸಿಯಲ್ಲೇ ಇಡುತ್ತದೆ. ಒಂದು ಮಧ್ಯಾಹ್ನ ಮುಖಪುಟ ಮುಗಿಸುತ್ತಿದ್ದಾಗ ಜಾಗವಿಲ್ಲವೆಂದು ಅದು ಮುಷ್ಕರ ಹೂಡಿತು. ಇ ಡ್ರೈವ್‌ನಲ್ಲಿ 150 ಜಿಬಿ ಖಾಲಿ ಬಿದ್ದಿತ್ತು.

ಡಿಯಿಂದ ಸ್ವಲ್ಪ ಕತ್ತರಿಸಿ ಸಿಗೆ ಅಂಟಿಸಿದರಾಯಿತು ಎಂದುಕೊಂಡೆ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಡಿಯನ್ನು ಕುಗ್ಗಿಸಿಯೇನೋ ಕೊಟ್ಟಿತು, ಆದರೆ ಖಾಲಿ ಜಾಗ ಬಂದದ್ದು ಡಿಯ ಬಾಲದ ಕಡೆ. ಸಿ ಬೆಳೆಯಬೇಕಾದರೆ ಅದರ ಬಲ ಮಗ್ಗುಲಿಗೇ ಜಾಗ ತಾಗಿಕೊಂಡಿರಬೇಕು. ನಡುವೆ ಡಿ ಕುಳಿತಿದ್ದರಿಂದ ಹಿಗ್ಗಿಸುವ ಆಯ್ಕೆ ಮಸುಕಾಗಿಯೇ ಉಳಿಯಿತು. ಡಿಯನ್ನೇ ಸರಿಸಿಕೊಡುವ ಬೇರೆ ಸಾಫ್ಟ್‌ವೇರ್‌ಗಳಿವೆ. ಸರಿಸುವ ನಡುವೆ ಕರೆಂಟ್ ಹೋದರೆ ಫೈಲುಗಳಿಗೆ ಎಳ್ಳುನೀರು. ಧೈರ್ಯ ಸಾಲಲಿಲ್ಲ. ಹೊರಗಿನ ಯುಎಸ್‌ಬಿ ಡಿಸ್ಕ್ ಒಂದನ್ನು ಎರವಲು ತಂದು ಡಿಯನ್ನು ಪೂರ್ತಿ ನಕಲು ಮಾಡಲು ಎರಡು ಗಂಟೆ, ಡಿಯನ್ನು ಅಳಿಸಿ ಸಿಯನ್ನು ಹಿಗ್ಗಿಸಿ ಹೊಸ ಡಿ ಮಾಡಲು ಐದು ನಿಮಿಷ, ಮತ್ತೆ ತುಂಬಲು ಎರಡು ಗಂಟೆ. "ರೀ, ಊಟಕ್ಕೆ ಬರುತ್ತೀರಾ ಇಲ್ಲವಾ?" ಎಂದು ಅಡುಗೆಮನೆಯಿಂದ ಮೂರು ಸಲ ಕೂಗು ಬಂತು.

ದಿನನಿತ್ಯದ ಕಿರಿಕಿರಿಯೂ ಇದೆ. ಒಂದೇ ವಿಭಾಗದೊಳಗೆ 40 ಜಿಬಿಯ ಆಟದ ವಿಡಿಯೊವನ್ನು ಒಂದು ಫೋಲ್ಡರ್‌ನಿಂದ ಇನ್ನೊಂದಕ್ಕೆ ಸಾಗಿಸಿದರೆ ಕಣ್ಣು ಮಿಟುಕಿಸುವುದರಲ್ಲಿ ಮುಗಿಯುತ್ತದೆ; ಬದಲಾಗುವುದು ವಿಳಾಸ ಮಾತ್ರ. ಅದನ್ನೇ ಡಿಯಿಂದ ಇಗೆ ಸಾಗಿಸಿದರೆ ಪ್ರತಿಯೊಂದು ಬೈಟನ್ನೂ ಓದಿ ಮತ್ತೆ ಬರೆಯಬೇಕು. ಡಿಸ್ಕ್‌ನ ಮುಳ್ಳು ಎರಡು ಕಡೆಗೂ ಓಡಾಡುತ್ತದೆ. ಗಡಿಯಾರ ಇಟ್ಟು ನೋಡಿದೆ, 17 ನಿಮಿಷ. ವೇಗಕ್ಕೆ ಪಾಲು ಒಳ್ಳೆಯದು ಎನ್ನುವವರ ಮಾತಿನಲ್ಲಿ ಚೂರು ಸತ್ಯವಿದೆ. ತಿರುಗುವ ಡಿಸ್ಕ್‌ನ ಹೊರಸುತ್ತು ಒಳಸುತ್ತಿಗಿಂತ ವೇಗವಾಗಿ ಓದಿಸುತ್ತದೆ, ಮೊದಲ ವಿಭಾಗ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಚಿಪ್‌ಗಳಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ, ಆ ಮಾತೂ ಇಲ್ಲ.

2016ರ ಜುಲೈನಲ್ಲಿ ಡಿಸ್ಕ್ "ಟಕ್, ಟಕ್" ಎನ್ನತೊಡಗಿತು. ಎರಡನೆಯ ದಿನ ಅದೂ ನಿಂತಿತು. ಕೆಲಸದ ಪುಟಗಳು ಡಿಯಲ್ಲಿ, ಅವುಗಳ ಬ್ಯಾಕಪ್ ಇಯಲ್ಲಿ. ಹೌದು, ಒಂದೇ ಡಿಸ್ಕ್‌ನಲ್ಲಿ. ಮೂರು ಅಕ್ಷರ ಕಂಡರೆ ಮೂರು ಪೆಟ್ಟಿಗೆ ಎಂದು ಕಣ್ಣು ನಂಬುತ್ತದೆ, ಅದೇ ಈ ಏರ್ಪಾಟಿನ ಕೆಟ್ಟ ಗುಣ. ಮಾಹಿತಿ ಹಿಂಪಡೆಯಲು ಒಬ್ಬರು ಹೇಳಿದ ದರ ಹೊಸ ಡಿಸ್ಕ್‌ನ ಐದು ಪಟ್ಟು. ಮುದ್ರಣಾಲಯಕ್ಕೆ ಇಮೇಲ್ ಮಾಡಿದ್ದ ಪಿಡಿಎಫ್‌ಗಳು ಸಿಕ್ಕವು. ಉಳಿದ ನಲವತ್ತು ಪುಟ ಮತ್ತೆ ಟೈಪ್ ಮಾಡಿದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಮರುವಾರವೇ ಒಂದು ಹೊರಗಿನ ಡಿಸ್ಕ್ ಕೊಂಡೆ.

ಎರಡನೆಯ ಪ್ರಯೋಗ ಲ್ಯಾಪ್‌ಟಾಪ್. 512 ಜಿಬಿ ಎಸ್‌ಎಸ್‌ಡಿ, ಒಂದೇ ಸಿ. ಬೂಟ್ ಮಾಡಲು, ದುರಸ್ತಿಗೆ ಎಂದು ತಯಾರಕರೇ ಮಾಡಿಟ್ಟ ಸಣ್ಣ ಗುಪ್ತ ವಿಭಾಗಗಳಿವೆ, ಅವನ್ನು ಮುಟ್ಟಿಲ್ಲ. ನಾಲ್ಕು ವರ್ಷದಲ್ಲಿ ಜಾಗದ ಜಗಳ ಒಮ್ಮೆಯೂ ಆಗಿಲ್ಲ, ಖಾಲಿ ಇದ್ದದ್ದೆಲ್ಲ ಎಲ್ಲರಿಗೂ ಸೇರಿದ್ದು. ಒಮ್ಮೆ ವಿಂಡೋಸ್ ತೀರಾ ಹದಗೆಟ್ಟಾಗ, ಫೈಲುಗಳನ್ನು ಉಳಿಸಿಕೊಂಡು ರೀಸೆಟ್ ಮಾಡುವ ಅದರದೇ ಸೌಲಭ್ಯ ಬಳಸಿದೆ. ಸಾಫ್ಟ್‌ವೇರ್‌ಗಳು ಹೋದವು, ಫೈಲುಗಳು ಉಳಿದವು. ಹಿಂದೆ ಡಿ ಡ್ರೈವ್ ಮಾಡಿದ ಉಪಕಾರವೇ ಇದು. ಏಳಲೇ ಆಗದ ಸ್ಥಿತಿಯಲ್ಲಿ ಪೂರ್ತಿ ಅಳಿಸಬೇಕಾದರೆ ಮಾತ್ರ ಡಿ ಇದ್ದವನು ಗೆಲ್ಲುತ್ತಾನೆ. ಆ ಒಂದು ಸಂದರ್ಭಕ್ಕಾಗಿ ನಾನು ಗೋಡೆ ಕಟ್ಟುವುದಿಲ್ಲ.

ಮೂರನೆಯದು ಈಗಿನ ಡೆಸ್ಕ್‌ಟಾಪ್. ವಿಂಡೋಸ್‌ಗೆ 256 ಜಿಬಿ ಎಸ್‌ಎಸ್‌ಡಿ, ಫೈಲುಗಳಿಗೆ 1 ಟಿಬಿಯ ತಿರುಗುವ ಡಿಸ್ಕ್, ಎರಡರಲ್ಲೂ ಒಂದೊಂದೇ ವಿಭಾಗ. ನನ್ನ ಮತ ಇದಕ್ಕೇ. ಡಾಕ್ಯುಮೆಂಟ್ಸ್ ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ ಲೊಕೇಶನ್ ಬದಲಿಸಿ ಅದನ್ನು ಡಿಗೆ ಕಳುಹಿಸಿದ್ದೇನೆ, ಫಾಂಟುಗಳ ನಕಲೂ ಅಲ್ಲೇ ಇದೆ. ಇಲ್ಲಿ ಡಿ ಎಂದರೆ ನಿಜವಾಗಿ ಬೇರೆ ಪೆಟ್ಟಿಗೆ. ಎಸ್‌ಎಸ್‌ಡಿ ಸತ್ತರೆ ಪುಟಗಳು ಬದುಕುತ್ತವೆ. ಮುಂದೆ 2 ಟಿಬಿಗಿಂತ ದೊಡ್ಡ ಡಿಸ್ಕ್ ಹಾಕುವವರು ವಿಭಾಗಗಳ ಪಟ್ಟಿ ಬರೆದಿಡುವ ಹಳೆಯ ಎಂಬಿಆರ್ ಪದ್ಧತಿ ಬಿಟ್ಟು ಹೊಸ ಜಿಪಿಟಿ ಆರಿಸಬೇಕು, ಇಲ್ಲದಿದ್ದರೆ 2 ಟಿಬಿಯಾಚೆಗಿನ ಜಾಗ ಕೈಗೆ ಸಿಗುವುದಿಲ್ಲ.

ಅಕ್ಕನ ಮಗ ಪುಣೆಯಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ಗಣೇಶ ಚತುರ್ಥಿಗೆ ಬಂದಾಗ ನನ್ನ ಮಾತು ಕೇಳಿ ನಕ್ಕ: "ಮಾವ, ಲಿನಕ್ಸ್ ಹಾಕುವವನಿಗೆ ನಿಮ್ಮ ಸಲಹೆ ನಡೆಯುವುದಿಲ್ಲ." ಒಂದೇ ಡಿಸ್ಕ್‌ನಲ್ಲಿ ವಿಂಡೋಸ್ ಮತ್ತು ಅದರಂಥದೇ ಇನ್ನೊಂದು ಕಾರ್ಯವ್ಯವಸ್ಥೆಯಾದ ಲಿನಕ್ಸ್ ಎರಡೂ ಬೇಕಾದರೆ ಪಾಲು ಮಾಡದೆ ಗತಿಯಿಲ್ಲ. ಲಿನಕ್ಸ್‌ನಲ್ಲಿ ನಮ್ಮ ಫೈಲುಗಳಿರುವ ಹೋಮ್ ಫೋಲ್ಡರನ್ನು ಬೇರೆ ವಿಭಾಗದಲ್ಲಿಟ್ಟು ಅವನು ಒಂದೇ ವರ್ಷದಲ್ಲಿ ಮೂರು ಬಗೆಯ ಲಿನಕ್ಸ್ ಬದಲಿಸಿದ್ದಾನೆ, ಒಂದು ಫೈಲೂ ಕಳೆದಿಲ್ಲವಂತೆ. ಒಪ್ಪಿದೆ. "ಬ್ಯಾಕಪ್ ಎಲ್ಲಿ?" ಎಂದು ಕೇಳಿದೆ. ಅದೇ ಡಿಸ್ಕ್‌ನ ಇನ್ನೊಂದು ವಿಭಾಗ ತೋರಿಸಿದ. ಎದ್ದು ಹೋಗಿ ಕಪಾಟಿನಿಂದ ನನ್ನ ಹೊರಗಿನ ಡಿಸ್ಕ್ ತಂದು ಅವನ ಮುಂದಿಟ್ಟೆ.